ಸೊಸೆ ತಂದ ಹಗುರ ಬ್ಯಾಟರಿ

ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯಲು ಹೋದರೆ ನಾನು ಕೂಡುವ ಜಾಗದಲ್ಲಿ ಬ್ಯಾಟರಿ ಕೂತಿತ್ತು. ಅಡುಗೆಮನೆಯಲ್ಲಿ ಬ್ಯಾಟರಿಗೆ ಏನು ಕೆಲಸ ಎಂದು ನನ್ನನ್ನು ಕೇಳಬೇಡಿ. ಚಾರ್ಜಿಗೆ ಹಚ್ಚಲು ಅಲ್ಲಿಯ ಪ್ಲಗ್ಗೇ ಸರಿ ಎಂದು ಸೊಸೆ ರೇಣುಕಾ ಹೇಳುತ್ತಾಳೆ. ಸರಿಸೋಣವೆಂದು ಸೊಂಟ ಬಿಗಿದು, ಉಸಿರು ಕಟ್ಟಿ, ಎರಡೂ ಕೈ ಹಾಕಿ ಎತ್ತಿದೆ. ಎತ್ತಿದ ರಭಸಕ್ಕೆ ಅದು ಬಂದು ನನ್ನ ಗದ್ದಕ್ಕೇ ಬಡಿಯಿತು. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟರೆ ಎದೆ ಧಸಕ್ಕೆನ್ನುತ್ತದಲ್ಲ, ಹಾಗಾಯಿತು. ತಿಂಗಳಿಂದ ಅದು ಮನೆಯಲ್ಲೇ ಇದೆ. ಹಗುರ ಎಂದು ತಲೆಗೆ ಗೊತ್ತು, ಕೈಗೆ ಇನ್ನೂ ಗೊತ್ತಾಗಿಲ್ಲ.

ಕೈಯನ್ನು ಬೈದು ಏನು ಮಾಡುವುದು? ಅದಕ್ಕೆ ಪಾಠ ಹೇಳಿದವರು ನಮ್ಮ ಮನೆಯವರು. ಸವಣೂರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದರು. ಹಿರೇಕೆರೂರಿನಿಂದಲೂ ಟ್ರ್ಯಾಕ್ಟರ್ ಬ್ಯಾಟರಿಗಳು ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದವು. ಅಂಗಡಿಯ ತುಂಬ ಹುಳಿ ವಾಸನೆ. ಆಸಿಡ್ಡಿನ ಹನಿ ಸೀರೆಗೆ ಸಿಡಿದರೆ ಆಗ ಏನೂ ಕಾಣುವುದಿಲ್ಲ, ಒಗೆದು ಹಿಂಡಿದ ಮೇಲೆ ನೋಡಿದರೆ ಜರಡಿ. ನನ್ನ ಮದುವೆಯ ಸೀರೆ ಹಾಗೇ ಹೋಯಿತು. ಹೋಗಲಿ, ಬಣ್ಣವೂ ಚೆನ್ನಾಗಿರಲಿಲ್ಲ.

ಅವರಿಗೆ ಕಂಪನಿ ಹೆಸರು, ಚೀಟಿ ಯಾವುದೂ ಲೆಕ್ಕಕ್ಕಿರಲಿಲ್ಲ. ಯಾವುದೇ ಬ್ಯಾಟರಿ ಬಂದರೂ ಎರಡು ಕೈಯಿಂದ ಎತ್ತಿ ಒಮ್ಮೆ ಕುಲುಕುವರು. "ಭಾರ ಇದ್ರ ಬಾಳಿಕಿ. ಹಗರ ಇತ್ತಂದ್ರ ಒಳಗ ಬರೇ ಗಾಳಿ" ಎನ್ನುವರು. ಒಳಗಿನ ಸೀಸಕ್ಕೇ ಅಲ್ಲವೇ ಬೆಲೆ? ನನ್ನನ್ನು ನೋಡಲು ಬಂದಾಗಲೂ ಮನಸ್ಸಿನಲ್ಲೇ ಎತ್ತಿ ಕುಲುಕಿದ್ದರೋ ಏನೋ. ಆಗ ನಾನು ಮೈತುಂಬ ಇದ್ದೆ.

ಅವರು ಹೋದ ಮೇಲೆ ಅವರ ಹಳೆಯ ಸಣ್ಣ ಕಾರು ಹಿತ್ತಲಲ್ಲಿ ಕೋಳಿಗೂಡಾಗಿ ನಿಂತಿತ್ತು. ರೇಣುಕಾ ವೀಳ್ಯದೆಲೆಯ ಪೆಂಡಿ ಹೊರುವ ಗಾಡಿ ಓಡಿಸುವವಳು, ತೋಟಗಳಿಂದ ಹುಬ್ಬಳ್ಳಿಗೆ ದಿನಾ ಹೋಗಿಬರುತ್ತಾಳೆ. ಕೋಳಿ ಓಡಿಸಿ ಕಾರು ತೊಳೆದಳು. ಒಂದು ದಿನ ನೋಡುತ್ತೇನೆ, ಒಳಗೆ ಸೀಟಿಲ್ಲ, ಗಾಜಿಲ್ಲ, ಬಾಗಿಲ ಒಳತಗಡೂ ಇಲ್ಲ. ಕಳ್ಳರು ಬಿಚ್ಚಿಕೊಂಡು ಹೋದರು ಎಂದು ನಾನು ಓಣಿ ಕೂಡುವ ಹಾಗೆ ಕೂಗಿದೆ. ಬಿಚ್ಚಿದವಳು ಸೊಸೆಯೇ! ಮಣ್ಣಿನ ಟ್ರ್ಯಾಕಿನ ಮೇಲೆ ರೇಸಿಗೆ ಓಡಿಸುತ್ತಾಳಂತೆ, ಗಾಡಿ ಹಗುರಾದಷ್ಟೂ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದಂತೆ. ನಾನು ಕೂಡುವ ಹಿಂದಿನ ಸೀಟು ಈಗ ಅಟ್ಟದ ಮೇಲಿದೆ.

ಮಗ ಮಲ್ಲೇಶಿ ಮೊದಮೊದಲು ನಕ್ಕ. ಎರಡು ಸಲ ಹಳೆಯ ಬ್ಯಾಟರಿ ಕೈಕೊಟ್ಟು ಕಾರು ಟ್ರ್ಯಾಕಿನ ನಡುವೆ ನಿಂತು, ಹಗ್ಗ ಕಟ್ಟಿ ಎಳೆದು ತಂದ ಮೇಲೆ ನಗು ಹೋಯಿತು. "ಮುಂದಿನ ಸಲಾನೂ ನಿಂತರ ಗುಜರಿಗೆ ಹಾಕೂದು. ಮತ್ತ ನೀ ರೇಸಿನ ಮಾತು ಎತ್ತಬಾರ್ದು" ಎಂದ. "ಆತು" ಎಂದಳು ಇವಳು. ಒಂದೇ ಮಾತು.

ಅದರ ಮರುವಾರ ಈ ಪೆಟ್ಟಿಗೆ ತಂದಳು.

"ಏನಬೇ ಇದು?"

"ಬ್ಯಾಟರಿರಿ ಅತ್ತೀ. ಕಾರಿಂದು."

ಎತ್ತಿದೆ. ಎದೆ ಒಡೆದುಹೋಯಿತು. "ಯವ್ವಾ! ಖಾಲಿ ಡಬ್ಬಿ ಕೊಟ್ಟು ಕಳಿಸ್ಯಾನಲ್ಲ ನಿನಗ!"

"ಹಗರ ಇರ್ಲಿ ಅಂತನ ಆರಿಸಿ ತಂದೇನ್ರಿ."

ನೀರು ಹಾಕಿ ನೋಡೋಣವೆಂದು ಮುಚ್ಚಳ ಹುಡುಕಿದೆ. ಮುಚ್ಚಳವೇ ಇಲ್ಲ! ಮೋಸವೆನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಎಲೆಗಾಡಿ ಹತ್ತಿ ಕೂತು, ಶಿಗ್ಗಾಂವಿಯ ಅಂಗಡಿಗೆ ನಡೆ ಎಂದೆ. ದಾರಿಯುದ್ದಕ್ಕೂ ಪೆಟ್ಟಿಗೆ ತೊಡೆಯ ಮೇಲೆ ಕೂಸಿನ ಹಾಗಿತ್ತು. ಕೂಸೂ ಇದಕ್ಕಿಂತ ಭಾರ.

"ಏನಪಾ, ಹೆಣ್ಮಗಳು ಅಂತ ಪೊಳ್ಳ ಮಾಲು ದಾಟಿಸಿದೇನು?" ಎಂದು ಹೊಸ್ತಿಲಲ್ಲೇ ಶುರು ಮಾಡಿದೆ.

ಅಂಗಡಿಯವನು ಕುರ್ಚಿ ಸರಿಸಿದ. "ಕುಂದರ್ರಿ ಅಮ್ಮಾರ. ಅದು ದೊಡ್ಡ ಬೈಕಿನ ಬ್ಯಾಟರಿ. ಪೂರಾ ಸೀಲ್ ಮಾಡಿದ್ದು, ನೀರು ಕೇಳಾಂಗಿಲ್ಲ. ನಿಮ್ಮ ಸೊಸಿ ನನ್ನ ಅಂಗಡಿ ಎಲ್ಲಾ ಜಾಲಾಡಿ ತಗೊಂಡಾರ. ಮೋಸ ಹೋಗೂ ಪೈಕಿ ಅಲ್ಲ ಬಿಡ್ರಿ ಅವರು." ಇಷ್ಟು ಹೇಳಿ ಒಳಗಿನಿಂದ ಇನ್ನೊಂದು ತಂದು ನನ್ನ ಅಂಗೈ ಮೇಲಿಟ್ಟ. ಸವಣೂರಿನ ಕುರುಕಲು ಖಾರದ ಪೊಟ್ಟಣ ಇಟ್ಟಂತಾಯಿತು. ಅದು ಲಿಥಿಯಂ ಎನ್ನುವ ಜಾತಿಯಂತೆ. ಬೆಲೆ ಹೇಳಿದ. ನಿಂತವಳು ಕೂತೆ.

"ಹಗರ ಆದಂಗ ತುಟ್ಟಿ ಏನೋ?"

"ಹೌದ್ರಿ."

ಖಾರವಾಗಲಿ, ಹತ್ತಿಯಾಗಲಿ, ತೂಗಿದಷ್ಟಕ್ಕೆ ದುಡ್ಡು ಕೊಟ್ಟು ಮುದುಕಿಯಾದವಳು ನಾನು. ಇಲ್ಲದ ತೂಕಕ್ಕೆ ದುಡ್ಡು ಕೊಡುವುದನ್ನು ಅಲ್ಲಿಯೇ ಮೊದಲು ಕೇಳಿದ್ದು.

ತಿರುಗಿ ಬರುವಾಗ ರೇಣುಕಾ ಹೇಳಿದಳು: "ಆ ತುಟ್ಟೀದು ನನಗೂ ಬ್ಯಾಡ್ರಿ, ಅದರ ರೊಕ್ಕದಾಗ ಟೈರ್ ಬರ್ತಾವ. ಇದು ಹಗರೂ ಹೌದು, ಸೋವೀನೂ ಹೌದು. ಲೈಟಿಲ್ಲ, ಹಾಡಿಲ್ಲ, ಇಂಜಿನ್ ಒಮ್ಮಿ ತಿರುವಿಬಿಟ್ರ ಇದರ ಕೆಲಸ ಮುಗೀತು."

"ನಡುವ ನಿಂತರ?"

"ಇದರ ಹೊಟ್ಟಿ ಸಣ್ಣದು. ಎರಡ ಮೂರು ಸಲ ತಿರುವತೈತಿ. ಅಷ್ಟರಾಗ ಚಾಲೂ ಆಗಬೇಕು." ನಗುತ್ತಲೇ ಹೇಳಿದಳು. "ಭಾರ ಇದ್ದದ್ದು ಎಂದೂ ಸುಳ್ಳ ಹೇಳಾಂಗಿಲ್ಲೇನ್ರಿ, ಅತ್ತೀ?"

ಬಾಗಿಲ ಬಳಿಯ ಬ್ಯಾಟರಿಗೇ ಆ ಕುಟುಕು. ನಮ್ಮ ತಲಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಟ್ಟಿರುವುದು ಒಂದು ಹಳೆಯ ಬ್ಯಾಟರಿ. ಒಬ್ಬ ಅದನ್ನು ಗುಜರಿ ಲೆಕ್ಕದಲ್ಲಿ ಮಾರಲು ತಂದಿದ್ದ. ನಮ್ಮವರು ಎತ್ತಿದರು, ಕುಲುಕಿದರು, "ಇದು ಮಾಲು ಅಂದ್ರ!" ಎಂದು ಹಿಗ್ಗಿ ಕೊಂಡರು. ಸೀಸ ತೆಗೆಯಲೆಂದು ಮೇಲಿನ ಡಾಂಬರು ಕೆತ್ತಿದರೆ ಒಳಗೆಲ್ಲ ಒದ್ದೆ ಮರಳು. ಅವನು ಸೀಸ ತೆಗೆದುಕೊಂಡು ಹಳ್ಳದ ಮರಳು ತುಂಬಿ, ಮೇಲೆ ಮತ್ತೆ ಡಾಂಬರು ಬಳಿದಿದ್ದ. ನಮ್ಮವರು ಕೆತ್ತಿದ್ದನ್ನು ಹಾಗೇ ಮೆತ್ತಿ ಬಾಗಿಲಿಗಿಟ್ಟರು. ಮರುದಿನದಿಂದ ಮತ್ತೆ ಎತ್ತುವುದು, ಕುಲುಕುವುದು. ಆ ಬ್ಯಾಟರಿಯನ್ನು ದಿನಾ ದಾಟಿ ಓಡಾಡಿದ ನನಗೂ ಬುದ್ಧಿ ಬರಲಿಲ್ಲ.

ರೇಸು ಇದ್ದದ್ದು ಹಾನಗಲ್ ಕಡೆ, ಭತ್ತ ಕೊಯ್ದ ಗದ್ದೆಯಲ್ಲಿ. ಗಾಡಿ ನಿಂತರೆ ಓಡಿಸುವವರೇ ಚಾಲೂ ಮಾಡಿಕೊಳ್ಳಬೇಕು, ದಬ್ಬಿದರೆ ಆಟದಿಂದ ಹೊರಗೆ. ನಾನು ಹಗ್ಗದ ಈಚೆ ಮಲ್ಲೇಶಿಯ ಪಕ್ಕ ನಿಂತಿದ್ದೆ. ಕಾರು ತಿರುವಿನಲ್ಲಿ ಬುಗುರಿಯಂತೆ ತಿರುಗಿತು. ದೂಳು ಇಳಿದಾಗ ಸದ್ದಿರಲಿಲ್ಲ.

"ಆತು. ಗುಜರಿ" ಎಂದ ಮಲ್ಲೇಶಿ.

ಒಮ್ಮೆ ಗುರ್ರೆಂದು ಸುಮ್ಮನಾಯಿತು. ಮತ್ತೊಮ್ಮೆ ಗುರ್ರೆಂದಿತು, ಮೊದಲಿಗಿಂತ ಮೆಲ್ಲಗೆ. ಮಲ್ಲೇಶಿ ಅತ್ತ ನೋಡುವುದನ್ನು ಬಿಟ್ಟ. "ತಿರುವು ಮುಂಡೇದ!" ಎಂದು ಯಾರೋ ಕಿರುಚಿದರು. ನಾನೇ! ಮೂರನೆಯದು ಕೆಮ್ಮಿದಂತೆ ಬಂತು, ಆ ಕೆಮ್ಮಿಗೇ ಇಂಜಿನ್ ಹತ್ತಿತು. ಬಂದದ್ದು ಕೊನೆಯಿಂದ ಎರಡನೆಯವಳಾಗಿ. ಆದರೆ ತನ್ನ ಗಾಲಿಯ ಮೇಲೆ ಬಂದಳು. ಮಲ್ಲೇಶಿ ಅವಳಿಗೆ ನೀರಿನ ಬಾಟಲಿ ಕೊಟ್ಟು, "ಗಾಡಿ ಮನ್ಯಾಗ ಇರ್ಲಿ ಬಿಡು" ಎಂದ.

ಇವತ್ತು ರೊಟ್ಟಿ ಮುಗಿಸಿ ಗದ್ದ ತಿಕ್ಕುತ್ತ ಹೊರಗೆ ಬಂದರೆ ಓಣಿಯಲ್ಲಿ ಗುಜರಿಯವನು ಕೂಗುತ್ತಿದ್ದ. ಬಾಗಿಲಿಗಿಟ್ಟ ಬ್ಯಾಟರಿ ತೋರಿಸಿ, ತಗೊಂಡು ಹೋಗು ಎಂದೆ. ಅವನು ಎರಡು ಕೈ ಹಾಕಿ ಎತ್ತಿದ, ಒಮ್ಮೆ ಕುಲುಕಿದ. ಥೇಟ್ ನಮ್ಮವರೇ! ಮುಖ ಅರಳಿತು.

"ಭಾಳ ಭಾರ ಐತ್ರಿ ಅವ್ವಾರ! ಹಳೇ ಮಾಲು ಅಂದ್ರ ಹಿಂಗಿರಬೇಕು ನೋಡ್ರಿ!"

"ತಕ್ಕಡಿ ಆಮ್ಯಾಲ ತೆಗಿಯಪ್ಪಾ," ಎಂದೆ. "ಮೊದಲ ಒಡದು ನೋಡು."