ಮೋಟಾರು ಖೋಲಿಯ ಬಾಗಿಲ ಗುಂಡಿ

ಯುದ್ಧದ ಕಾಲ. ಮಾಳಮಡ್ಡಿಯ ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವ ಮೋಟಾರು ಖೋಲಿಗೆ ಕಾಂಕ್ರೀಟಿನ ನೆಲವಿತ್ತು. ಬಾಗಿಲ ಬಳಿ ಮಳೆನೀರು ನಿಂತು ಅದು ಪುಡಿಯಾಗಿ ಗುಂಡಿ ಬಿದ್ದಿತ್ತು. ನನ್ನ ಯಜಮಾನರು ಡಾಕ್ಟರು. ಒಂದು ಮುಂಜಾನೆ ಪಕ್ಕದ ಹಳ್ಳಿಯ ರೈತನೊಬ್ಬ ಹೆಂಡತಿಯ ಹೆರಿಗೆಗೆಂದು ಅವರನ್ನು ಕರೆಯಲು ಓಡಿ ಬಂದ. ಗಾಡಿ ಹಿಂದೆ ತೆಗೆಯುವಾಗ ಚಕ್ರ ಆ ಗುಂಡಿಯಲ್ಲಿ ಸಿಕ್ಕಿಕೊಂಡಿತು. ರೈತನೇ ಹೆಗಲು ಕೊಟ್ಟು ನೂಕಿದ. ತಾಯಿ ಮಗು ಇಬ್ಬರೂ ಉಳಿದರು. ಗುಂಡಿಯನ್ನು ಮಾತ್ರ ಉಳಿಸಬಾರದೆಂದು ನಾನು ಅಂದೇ ನಿಶ್ಚಯಿಸಿದೆ.

ಗಾರೆ ಕೆಲಸದ ಗೌಂಡಿ ಹಿಂದೊಮ್ಮೆ ಗುಂಡಿಗೆ ಮೇಲೆಮೇಲೆ ಸಿಮೆಂಟಿನ ಗಿಲಾವು ಬಳಿದು ಹೋಗಿದ್ದ, ಅದು ಹಪ್ಪಳದಂತೆ ಎದ್ದಿತ್ತು. ಈ ಮನೆ ಕಟ್ಟುವಾಗ ದಿನವೂ ನಿಂತು ನೋಡಿದವಳು ನಾನು. ಬಾವಿಕಟ್ಟೆಗೆ ತರಿಸಿದ ಸಿಮೆಂಟು ಡಬ್ಬಿಯಲ್ಲಿ ಉಳಿದಿತ್ತು.

"ನೀ ಮಾಡ್ತೀಯೇನು?" ಯಜಮಾನರು ನಕ್ಕರು.

"ಮಾಡ್ತೇನಿ. ನೀವು ಗಾಡಿ ಬೇವಿನ ಗಿಡದ ಕೆಳಗ ನಿಲ್ಲಸ್ರಿ, ಸಾಕು."

ಸೀರೆ ಕಚ್ಚೆ ಬಿಗಿದು ಉಳಿ, ಸುತ್ತಿಗೆ ಹಿಡಿದು ಕೂತೆ. ಸಡಿಲಾದದ್ದನ್ನೆಲ್ಲ ಗಟ್ಟಿ ನೆಲ ಸಿಗುವವರೆಗೂ ಒಡೆದು ತೆಗೆದೆ. ತಿಕ್ಕಿ ತೊಳೆದು, ಸಿಮೆಂಟಿನ ತಿಳಿ ಬಳಿದು, ಅದು ಆರುವ ಮೊದಲೇ ಸಿಮೆಂಟು, ಉಸುಕು, ಜಲ್ಲಿ ಕಲಸಿದ್ದನ್ನು ತುಂಬಿ ಬಡಿದೆ. ನೀರು ಹೊರಗೆ ಹರಿಯಲೆಂದು ಬಾಗಿಲ ಕಡೆ ತುಸು ಇಳಿಜಾರು ಕೊಟ್ಟೆ.

ಪಡಸಾಲೆಯಿಂದ ನೋಡುತ್ತಿದ್ದ ಅತ್ತೆ, "ಡಾಕ್ಟರನ ಹೆಂಡತಿ ಗೌಂಡಿ ಆದಳವ್ವಾ!" ಎಂದರು. ಆಮೇಲೆ ತಾವೇ ಇಳಿದು ಬಂದು ಪಕ್ಕದಲ್ಲಿ ಕೂತು, "ಕೊಡಿಲ್ಲೆ, ಅಂಚು ನಾ ನುಣ್ಣಗ ಮಾಡ್ತೇನಿ" ಎಂದು ನನ್ನ ಕೈಯಿಂದ ಗಾರೆ ಸವರುವ ಕರಣಿ ಕಸಿದುಕೊಂಡರು. ಇಬ್ಬರೂ ಮೊಣಕೈವರೆಗೆ ಬೂದಿಬಣ್ಣವಾಗಿದ್ದೆವು. ಅವರು ಅಷ್ಟು ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಮೇಲೆ ಒದ್ದೆ ಗೋಣಿತಟ್ಟು ಹಾಸಿದೆವು. ಮರುದಿನ ಸಂಜೆ ಮೋಡ ಕಟ್ಟಿತು. ಯಜಮಾನರಿಗೆ ಗಾಡಿಯ ಚಿಂತೆ.

"ಗಟ್ಟಿ ಆಗೇದಲ್ಲ, ಒಳಗ ತರತೇನಿ."

"ಮ್ಯಾಲ ಅಷ್ಟ ಗಟ್ಟಿ, ಒಳಗ ಇನ್ನೂ ಹಸಿ ಅದರಿ," ಎಂದು ನಾನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತೆ. ಅವರು ಗೊಣಗುತ್ತ ಗಾಡಿಗೆ ತಾಡಪತ್ರಿ ಹೊದಿಸಿದರು. ಅದನ್ನು ಬಿಚ್ಚಿ ಕಟ್ಟುವ ಬೇಸರಕ್ಕೆ ಆ ವಾರವೆಲ್ಲ ರೋಗಿಗಳ ಮನೆಗೆ ಟಾಂಗಾದಲ್ಲೇ ಹೋದರು.

ಕೊನೆಗೊಂದು ಬೆಳಿಗ್ಗೆ ನಾನೇ ಗೋಣಿತಟ್ಟು ತೆಗೆದೆ. ಒಂದು ಬಿರುಕೂ ಇರಲಿಲ್ಲ. ಗಾಡಿ ಒಳಹೋಗಿ, ಮತ್ತೆ ಹಿಂದೆ ಸರಿದು, ಕುಲುಕದೆ ಹೊರಬಂತು. ಯಜಮಾನರು ಗೇಟಿನವರೆಗೂ ಹೋದರು. ಅಲ್ಲಿ ನಿಲ್ಲಿಸಿ ತಲೆ ಹೊರಹಾಕಿ ಕೂಗಿದರು:

"ದವಾಖಾನಿ ಮೆಟ್ಟಲೂ ಒಡದಾವ. ಬಂದು ನೋಡ್ತೀಯೇನು?"

"ಸಿಮೆಂಟ್ ತರಸ್ರಿ," ಎಂದೆ, "ಬರ್ತೇನಿ."