ಅಪ್ಪನ ಕೆಂಪು ಕಣ್ಣು ಮತ್ತು ನೇಕಾರನ ಬೆರಳಚ್ಚು

ನನ್ನಪ್ಪ ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ಪರೀಕ್ಷಕರಾಗಿದ್ದರು. ಐವತ್ತರ ದಶಕದ ಒಂದು ಬೇಸಿಗೆ, ಕಾನ್ವೆಂಟಿನಿಂದ ವೆಕೇಶನ್‌ಗೆ ಗಜೇಂದ್ರಗಡಕ್ಕೆ ಬಂದಿದ್ದ ನನಗೆ ಅವರ ಪೆನ್ಸಿಲ್ ಚೂಪು ಮಾಡಿಡುವ ಡ್ಯೂಟಿ. ಕಳವಾದಲ್ಲಿ ಸಿಕ್ಕ ಮಸುಕು ಗುರುತನ್ನು ಮೊದಲು ನೋಡಿ, ಕಂಡಷ್ಟು ಗೆರೆಗಳನ್ನು ಕಾಗದದ ಮೇಲೆ ಬರೆದುಕೊಂಡು, ಆಮೇಲಷ್ಟೇ ಆರೋಪಿಯ ಅಚ್ಚನ್ನು ತೆರೆಯುವುದು ಅವರ ಪದ್ಧತಿ.

"ಚಲೋದು ಮೊದಲ ನೋಡಿದ್ರ ಮಬ್ಬಿನ್ಯಾಗೂ ಅದಽ ಕಾಣತದವಾ" ಎನ್ನುತ್ತಿದ್ದರು.

ಒಂದು ವಾರ ನರಗುಂದದ ಕೇಸಿನ ಕಂತೆಗಟ್ಟಲೆ ಅಚ್ಚುಗಳನ್ನು ನೋಡಿ ಬಂದಿದ್ದರು. ಮರುದಿನವೇ ರೋಣದಿಂದ ಪೊಲೀಸನೊಬ್ಬ ಲಕೋಟೆ ತಂದ. ಅದರಲ್ಲಿ, ಕಳವಾಗಿದ್ದ ವ್ಯಾಪಾರಿಯೊಬ್ಬರ ಮನೆಯ ಕಪಾಟಿನ ಕನ್ನಡಿಯ ಮೇಲೆ ಸಿಕ್ಕ ಗುರುತು, ಜೊತೆಗೆ ಆರೋಪಿಯ ಅಚ್ಚು. ಸಂಶಯ ನಮ್ಮೂರಿನ ನೇಕಾರನ ಮೇಲೆ, ಸೀರೆ ಮಾರಲು ಅಲ್ಲಿಗೆ ಹೋಗಿದ್ದನಂತೆ. ಪೊಲೀಸನಿಗೆ ಬಸ್ಸಿನ ಅವಸರ. ಅಪ್ಪ ಭೂತಗನ್ನಡಿ ಹಿಡಿದು ಎರಡನ್ನೂ ನೋಡಿದರು, ಕಣ್ಣುಜ್ಜಿಕೊಂಡರು, 'ಅವನದೇ' ಎಂದು ರಿಪೋರ್ಟ್ ಬರೆದುಕೊಟ್ಟು ಒರಗಿದರು.

ಮೇಜು ಒರೆಸುವಾಗ ನೋಡಿದೆ: ಪೆನ್ಸಿಲ್ಲಿನ ಮೊನೆ ಹಾಗೇ ಇತ್ತು. ಕಾಗದ ಬ್ಲ್ಯಾಂಕ್.

"ಅಪ್ಪಾ, ಇವತ್ತ ಡ್ರಾಯಿಂಗ್ ತಗೀಲಿಲ್ಲೇನು?"

ಥಟ್ಟನೆ ಎದ್ದು, ರೋಣಕ್ಕೆ ಹೊರಡಲು ಅಂಗಿ ಹಾಕಿಕೊಂಡರು. ಅವ್ವ, "ಆ ಕಣ್ಣ ನೋಡ್ರಿ, ಮೆಣಸಿನಕಾಯಿ ಆಗ್ಯಾವ. ನಾಳೆ ಹೋದ್ರ ಆಗೂದಿಲ್ಲೇನು?" ಅಂದಳು.

"ಆಂವಾ ಲಾಕಪ್ಪಿನ್ಯಾಗ ಕುಂತಾನಲ್ಲ."

ಒಬ್ಬರನ್ನೇ ಬಿಡಲು ಮನಸ್ಸಾಗದೆ ಅವ್ವ ನನ್ನನ್ನೂ ಜೊತೆಗೆ ಕಳಿಸಿದಳು. ಬಸ್ಸಿನುದ್ದಕ್ಕೂ ಒದ್ದೆ ಕರವಸ್ತ್ರ ಕಣ್ಣಿಗೆ ಒತ್ತಿಕೊಂಡಿದ್ದರು. ಠಾಣೆಯಲ್ಲಿ, ಈ ಸಲ ಮಸುಕಿನದನ್ನು ಮೊದಲು ಬರೆದರು. ನಡುವೆ ಒಂದು ಗೆರೆ ಕವಲೊಡೆದಿತ್ತು. ನೇಕಾರನ ಅಚ್ಚಿನಲ್ಲಿ ಆ ಕವಲೇ ಇರಲಿಲ್ಲ.

"ಏನ್ ಸಾಹೇಬ್ರ, ಮಧ್ಯಾಹ್ನ ಅವಂದಽ ಅಂದ್ರಿ, ಸಂಜಿಗೆ ಅಲ್ಲಂತೀರಿ? ಮ್ಯಾಲಿನವ್ರಿಗೆ ನಾ ಏನ್ ಬರೀಲಿ?" ಠಾಣೆಯ ಫೌಜದಾರರು ನಕ್ಕರು.

"ನಾ ದಣಿದಿದ್ದೆ, ತಪ್ಪು ನೋಡಿದೆ ಅಂತ ಬರೀರಿ. ಸಹಿ ನಾ ಮಾಡ್ತೀನಿ."

ಫೌಜದಾರರು ನಗು ನಿಲ್ಲಿಸಿ ಕಾಗದ ಮುಂದೆ ಸರಿಸಿದರು. ಆ ಸಹಿಗಾಗಿ ಮುಂದೆ ಅಪ್ಪನ ಪ್ರಮೋಷನ್ ನಿಂತಿತು. ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಲಾಕಪ್ಪಿನಿಂದ ಹೊರಬಂದ ನೇಕಾರ, ಯಾರ ಮಾತಿನಿಂದ ಕಳ್ಳನಾದೆ, ಯಾರ ಮಾತಿನಿಂದ ಬಿಡುಗಡೆಯಾದೆ ಎಂಬುದನ್ನು ಅರಿಯದೆ, ಅಪ್ಪನ ಮುಖವನ್ನೇ ನೋಡಿದ.

"ಕಣ್ಣ ಭಾಳ ಕೆಂಪಾಗ್ಯಾವಲ್ರೀ ಸಾಹೇಬ್ರ. ನಮಗೂ ದಿನಾ ಎಳಿ ನೋಡಿ ನೋಡಿ ಹಿಂಗಽ ಆಗತೈತ್ರಿ. ಕಡೀಕ ಇಲ್ಲದ ಎಳೀನೂ ಕಂಡಂಗ ಆಗತೈತಿ. ಒಂದೀಟು ಮಲಕೋರಿ."

ಮೈ ಪೂರ್ ಫಾದರ್! ತಲೆಯಾಡಿಸಿ, ಊರಿಗೆ ಮರಳುವ ಬಸ್ಸಿನಲ್ಲಿ ಅವನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು.