ನೆಗ್ಗಿನ ತನಕ ಎಸರು

ತಿ. ನರಸೀಪುರದ ನಮ್ಮ ಮನೆಯ ಒಲೆಯ ಪಕ್ಕದಲ್ಲಿ ಹೊಟ್ಟೆ ನೆಗ್ಗಿದ ಒಂದು ಅಲ್ಯೂಮಿನಿಯಂ ಪಾತ್ರೆಯಿದೆ. ನನ್ನ ಬಾಲ್ಯದಲ್ಲೆಂದೋ ಬಾವಿಕಟ್ಟೆಯಿಂದ ಉರುಳಿ ಪಡೆದುಕೊಂಡ ಆ ನೆಗ್ಗೇ ನಮ್ಮವ್ವನ ಅಳತೆಗೋಲು. ನಂಜನಗೂಡಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತ, ಬಾಡಿಗೆ ಕೋಣೆಯಲ್ಲಿ ಕೈಯಡುಗೆ ಮಾಡಿಕೊಳ್ಳುವ ನಾನು, ಮುದ್ದೆಗೆ ಎಸರೆಷ್ಟು ಇಡಬೇಕೆಂದು ಫೋನಿನಲ್ಲಿ ಕೇಳಿದರೆ, "ನೆಗ್ಗು ಮುಟ್ಟಗಂಟ ನೀರುಯ್ಯಪ್ಪಾ, ಅಷ್ಟೂ ಗೊತ್ತಿಲ್ವಾ?" ಎಂದಳು. ನನ್ನ ಹೊಸ ಸ್ಟೀಲು ಪಾತ್ರೆಯೋ ಎಲ್ಲ ಕಡೆಯೂ ನುಣ್ಣಗಿತ್ತು. ಅಂದಾಜಿನಲ್ಲಿ ಸುರಿದೆ, ಮುದ್ದೆಯಾಗಬೇಕಿದ್ದದ್ದನ್ನು ಲೋಟದಲ್ಲಿ ಕುಡಿದೆ.

ಆ ವಾರವೇ ಸವಿತಾಳ ಪ್ರಾಜೆಕ್ಟೂ ಅಂಬಲಿಯಾಯಿತು. ಹೆಡತಲೆ ಎಂಬ ಹಳ್ಳಿಯಿಂದ ಬರುವ ನನ್ನ ಈ ವಿದ್ಯಾರ್ಥಿನಿ ತನ್ನೂರಿನ ಹಾಲಿನ ಡೇರಿಗೆಂದು, ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು ಎಂದು ಬರೆದಿಡುವ ಪ್ರೋಗ್ರಾಮು ಬರೆದಿದ್ದಳು. ಡೇರಿಯ ಕಂಪ್ಯೂಟರಿನಲ್ಲಿ ಅದು ಓಡಿತೆಂದು ಕಾರ್ಯದರ್ಶಿ ಸಹಿ ಹಾಕಿದರೆ ಪರೀಕ್ಷೆ, ಇಲ್ಲವಾದರೆ ಒಂದು ವರ್ಷ ಹಿಂದೆ. ನಮ್ಮ ಲ್ಯಾಬಿನಲ್ಲಿ ಜಿಂಕೆಯಂತೆ ಓಡಿದ್ದು ಅಲ್ಲಿ ಕಣ್ಣೇ ಬಿಡಲಿಲ್ಲ. ಪರೀಕ್ಷೆಗೆ ಎರಡೇ ದಿನ. ಡೇರಿಯ ಕಂಪ್ಯೂಟರೇ ಸರಿಯಿಲ್ಲವೆಂದು ಅವಳು ದೂರಿದಾಗ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಜಾಣತನ ತೋರಿದೆ. ಅವಳ ಕಣ್ಣು ತುಂಬಿದ್ದು ಕಂಡು ನಾಚಿಕೆಯಾಗಿ, ಜೊತೆಯಲ್ಲೇ ಹೆಡತಲೆಯ ಬಸ್ಸು ಹತ್ತಿದೆ.

ಆಪರೇಟಿಂಗ್ ಸಿಸ್ಟಮ್ ಎಂಬುದು, ಮಿತ್ರರೇ, ಯಂತ್ರದ ಮನೆಯೊಡತಿ; ಯಾವ ಡಬ್ಬಿ ಯಾವ ಗೂಡಿನಲ್ಲಿರಬೇಕೆಂಬುದು ಆಕೆಯ ಚಿತ್ತ. ಡೇರಿಯ ಯಂತ್ರದಲ್ಲಿದ್ದವಳು ಬೇರೆ ಒಡತಿ. ಪ್ರೋಗ್ರಾಮು ಬಂದೊಡನೆ ಡಿ ಡ್ರೈವ್ ಎಲ್ಲಿ ಎಂದು ಹುಡುಕುತ್ತಿತ್ತು. ಆಕೆಯ ಮನೆಯಲ್ಲಿ ಆ ಹೆಸರಿನ ಗೂಡೇ ಇರಲಿಲ್ಲ. ಎಲ್ಲವನ್ನೂ ಡಿಯಲ್ಲೇ ಇಡಲು ಯಾರು ಹೇಳಿದರೆಂದು ಗದರಿದೆ.

"ನೀವೇ ಸಾ. ಮೊದಲ್ನೇ ದಿನ ಬೋರ್ಡ್ ಮೇಲೆ ಬರ್ದಿದ್ರಿ," ಎಂದಳು ಮೆಲ್ಲಗೆ.

ಕಾರ್ಯದರ್ಶಿ ನಗು ತಡೆಯಲು ಹಾಲಿನ ಕ್ಯಾನಿನೊಳಗೆ ಇಣುಕಿದರು. ನೆಲ ಡೊಂಕಾಗಿರಲಿಲ್ಲ, ಹುಡುಗಿಗೆ ಕುಣಿಯಲೂ ಬರುತ್ತಿತ್ತು. ಕಲಿಸಿದವನು ತನ್ನ ಅಂಗಳವೊಂದನ್ನೇ ನೆಲವೆಂದು ತಿಳಿದಿದ್ದ. ಅವ್ವನ ನೆಗ್ಗಿಗೆ ಮನಸ್ಸಿನಲ್ಲೇ ನಕ್ಕಿದ್ದ ನಾನು ವರ್ಷಗಟ್ಟಲೆ ಮಕ್ಕಳಿಗೆ ನನ್ನದೇ ನೆಗ್ಗು ಬರೆಸಿದ್ದೆ.

ಸವಿತಾ ಅಲ್ಲೇ ಕೂತು ತಿದ್ದಿದಳು. ಈಗ ಪ್ರೋಗ್ರಾಮು ಹೊಸ ಮನೆ ಹೊಕ್ಕೊಡನೆ, ಲೆಕ್ಕದ ಪುಸ್ತಕ ಎಲ್ಲಿಡಲಿ ಎಂದು ಮೊದಲು ಕೇಳುತ್ತದೆ. ಸಂಜೆಯ ಹಾಲು ಬರುವಷ್ಟರಲ್ಲಿ ಅದು ಓಡಿತು, ಸಹಿಯೂ ಬಿತ್ತು. ನನಗೇ ಪಾಸಾದಷ್ಟು ಹಿಗ್ಗಾಯಿತು.

ಆ ಹುಮ್ಮಸ್ಸಿನಲ್ಲಿ ಶನಿವಾರ ಹೇಳದೆ ಕೇಳದೆ ಊರಿಗೆ ಹೋದೆ. ಮನೆಯಲ್ಲಿ ಈಗ ಉಣ್ಣುವವರು ನಾಲ್ವರು. ಅಕ್ಕಂದಿರ ಮದುವೆಯಾಗಿದೆ, ನಾನು ನಂಜನಗೂಡು ಸೇರಿದ್ದೇನೆ. ಆದರೂ ಅವ್ವ ಏಳು ಜನರಿದ್ದಾಗಿನಂತೆಯೇ ನೆಗ್ಗು ಮುಟ್ಟುವ ತನಕ ಎಸರಿಟ್ಟಿದ್ದಳು. ಮೇಷ್ಟರ ಬುದ್ಧಿ ಎಲ್ಲಿ ಹೋದೀತು. ಎಷ್ಟು ಜನವೆಂದು ಮೊದಲು ಕೇಳಿಕೊಂಡು ನೀರಿಡಬಾರದೇ ಎಂದೆ.

"ಯಾರಾನಾ ಬತ್ತಾರೆ, ಇರ್ಲಿ," ಎಂದು ಅವ್ವ ಕೋಲು ತಿರುವಿದಳು.

ಕೈ ತೊಳೆದು ಐದನೆಯವನಾಗಿ ಕೂತೆ. ಬಿಸಿ ಮುದ್ದೆ ತಟ್ಟೆಗೆ ಬಿತ್ತು.